ಚಿಕ್ಕಸಿದ್ದಮ್ಮ ಕೇಳಿದ ಹೆಸರು

ಚಿಕ್ಕಸಿದ್ದಮ್ಮ ರಕ್ತ ತೆಗೆಯಲು ಬಂದಳು ಅಂದರೆ ನಮ್ಮ ಹನಗೋಡಿನಲ್ಲಿ ಮೊದಲು ಆಕೆಯ ಮುಂದೆ ಕಾಲು ಚಾಚುವವರೇ ಹೆಚ್ಚು. ಕೈ ಕೊಡುವವರು ಆಮೇಲೆ. ಬದುವಿನ ಮೇಲೆ ಜಾಲಿಮುಳ್ಳು ತುಳಿದವರು, ಸೌದೆ ಒಡೆಯುವಾಗ ಸಿಬಿರು ಹೊಕ್ಕವರು ಕುಂಟಿಕೊಂಡು ಬಂದು ಜಗಲಿ ಹಿಡಿಯುತ್ತಾರೆ. ಆಕೆ ಬಯ್ಯುತ್ತಲೇ ಅವರ ಪಾದವನ್ನು ತನ್ನ ಮೊಣಕಾಲ ಮೇಲಕ್ಕೆ ಎಳೆದುಕೊಳ್ಳುತ್ತಾಳೆ.

"ಸರ್ಕಾರದೋರು ಕಳಿಸಿರಾದು ರಕ್ತ ತತ್ತಾ ಅಂತ. ನೀವು ಮುಳ್ಳು ತೆಗಿ ಅಂತೀರಿ. ನಾಳೆ ತಲೇಲಿ ಹೇನು ನೋಡು ಅಂತೀರಿ."

"ನೋಡಿದ್ರೆ ಬ್ಯಾಡ ಅಂದೋರು ಯಾರು ಸಿದ್ದಮ್ಮಕ್ಕ" ಅಂತ ಯಾವಳೋ ಒಬ್ಬಳು ತುರುಬು ಬಿಚ್ಚುತ್ತಾಳೆ. ಎಲ್ಲರೂ ನಗುವ ಹೊತ್ತಿಗೆ ಮುಳ್ಳು ಆಚೆ ಬಂದಿರುತ್ತದೆ.

ಆಕೆಯ ತವರು ಕೋಟೆ ತಾಲ್ಲೂಕಿನ ಬೇಗೂರು. ಅಲ್ಲಿಂದ ಇನ್ನೊಂದಿಷ್ಟು ಕಾಡು ದಾಟಿದರೆ ಮಲಯಾಳದ ಸೀಮೆ. ಬರಿಗಾಲಲ್ಲಿ ಓಡಾಡುವ ಊರು, ಮುಳ್ಳಿಗೆ ಬರವಿಲ್ಲ. ಚಿಕ್ಕಂದಿನಿಂದಲೂ ಮುಳ್ಳು ತೆಗೆಯುವುದಕ್ಕೆ ಆಕೆಯದೇ ಕೈ ಬೇಕು ಅನ್ನುತ್ತಿದ್ದರಂತೆ. ಗಂಡ ತಿಮ್ಮಯ್ಯ ಬಿದಿರಿನ ಗಾಡಿ ಹೊಡೆಯುತ್ತಿದ್ದವನು, ಚಳಿಜ್ವರದಲ್ಲಿ ಹೋದ. ಆಮೇಲೆ ಹುಣಸೂರಿಗೆ ಬಂದು ಆಸ್ಪತ್ರೆಯಲ್ಲಿ ಆಯಾ ಆದಳು. ಜ್ವರದ ಡಾಕ್ಟರ ಅಂಗಾಲಿಗೆ ಒಂದು ದಿನ ಮುಳ್ಳು ಹೊಕ್ಕಿತು. "ಯಾವಾಗ ತೆಗಿತೀಯಮ್ಮ" ಅಂತ ಅವರು ಹಲ್ಲು ಕಚ್ಚಿಕೊಂಡು ಕೇಳುವಾಗ ಮುಳ್ಳು ಆಗಲೇ ಆಕೆಯ ಅಂಗೈಯಲ್ಲಿತ್ತಂತೆ. ಚಳಿಜ್ವರ ನೋಡಲು ರಕ್ತ ತೆಗೆಯೋಣ ಅಂದರೆ ಹಳ್ಳಿ ಹೆಂಗಸರು ಗಂಡಸರ ಮುಂದೆ ಕೈ ಚಾಚುವುದಿಲ್ಲ ಅಂತ ಡಾಕ್ಟರು ತಲೆ ಕೆಡಿಸಿಕೊಂಡಿದ್ದ ಕಾಲ ಅದು. ಸೂಜಿ ಹಿಡಿಯುವುದನ್ನೂ ನಾಲ್ಕು ಅಕ್ಷರವನ್ನೂ ಅವರೇ ಕಲಿಸಿ, ಒಂದು ಬಿಸ್ಕತ್ತಿನ ಡಬ್ಬದ ತುಂಬ ಗಾಜಿನ ಪಟ್ಟಿಗಳನ್ನು ಕೊಟ್ಟು ಗಾಡಿ ಹತ್ತಿಸಿದರು. ಅಂದಿನಿಂದ ಆ ಡಬ್ಬ ಆಕೆಯ ತೊಡೆಯಿಂದ ಇಳಿದಿಲ್ಲ.

ಆಕೆ ರಕ್ತ ತೆಗೆಯುವುದನ್ನು ನೋಡುತ್ತ ಕೂರುವುದು ನನಗೆ ಇಷ್ಟ. ಎಡಗೈಯ ಉಂಗುರದ ಬೆರಳು ಹಿಡಿಯುತ್ತಾಳೆ. ತುದಿಗೆ ಚುಚ್ಚುವುದಿಲ್ಲ, ಪಕ್ಕಕ್ಕೆ. "ತುದೀಗೆ ಚುಚ್ಚಿದ್ರೆ ನಾಳೆ ಮುದ್ದೆ ಮುರಿಯೋವಾಗ ನನ್ನ ಬಯ್ಕೋತೀರಿ" ಅನ್ನುತ್ತಾಳೆ. ಬೆರಳನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಅದು ಆರುವವರೆಗೂ ಊರ ಸುದ್ದಿ ಮಾತಾಡುತ್ತಾಳೆ. ಒದ್ದೆ ಬೆರಳಾದರೆ ರಕ್ತ ಹನಿಯಾಗಿ ನಿಲ್ಲದೆ ಹರಡಿಬಿಡುತ್ತದಂತೆ. ಚುಚ್ಚಿದ ಮೇಲೆ ಮೊದಲ ಹನಿಯನ್ನು ಒರೆಸಿ ಎಸೆಯುತ್ತಾಳೆ, ಎರಡನೆಯದು ಗಾಜಿಗೆ. ಒಂದು ತುದಿಯಲ್ಲಿ ಕುಂಕುಮದ ಬೊಟ್ಟಿನ ಹಾಗೆ ದಪ್ಪಗೆ, ಇನ್ನೊಂದು ಕಡೆ ಕಾವಲಿ ಮೇಲೆ ದೋಸೆ ಎಳೆದ ಹಾಗೆ ತೆಳ್ಳಗೆ. ಹಿಂಡುವುದಂತೂ ಇಲ್ಲವೇ ಇಲ್ಲ. "ಹಿಂಡಿದ್ರೆ ನೀರು ಸೇರ್ಕತದೆ. ಹಸೀನ ಕರಿಯೋ ಅಂಗೆ ಕೆಚ್ಚಲು ಎಳೆಯಾಕಿಲ್ಲ ಇಲ್ಲಿ."

ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಬೇರೆ ಡಬ್ಬಿಗೆ ಹಾಕುತ್ತಾಳೆ, ಸಂಜೆ ಕುದಿಸಬೇಕು. ಹೊಸ ಸೂಜಿ ಯಾಕೆ, ಅದರಲ್ಲೇ ಚುಚ್ಚು ಅಂತ ಯಾರಾದರೂ ಅಂದರೆ, "ಸೂಜಿಗೂ ಎಂಜಲು ಅನ್ನಾದು ಅದೆ ಕಣ್ರೀ" ಅಂತ ಒಂದೇ ಮಾತು. ಅದು ಎಲ್ಲರಿಗೂ ತಿಳಿಯುತ್ತದೆ.

ಹೋದ ಮಳೆಗಾಲದಲ್ಲಿ ನನ್ನ ಮಗುವಿಗೆ ದಿನ ಬಿಟ್ಟು ದಿನ ಜ್ವರ ಬರತೊಡಗಿತು. ಎರಡು ವರ್ಷ ತುಂಬಲು ಇನ್ನೂ ಸ್ವಲ್ಪ ಇತ್ತು. ಜ್ವರ ಬಿಟ್ಟ ದಿನ ನಗುತ್ತ ಹಿಟ್ಟಿನ ಡಬ್ಬಕ್ಕೆ ಕೈ ಹಾಕುವುದು, ಮಾರನೆಯ ದಿನ ಮಧ್ಯಾಹ್ನ ನನ್ನ ಸೆರಗಿನೊಳಗೆ ನಡುಗುತ್ತ ಮುದುಡುವುದು. ಕಷಾಯ ಆಯಿತು, ತಾಯಿತ ಆಯಿತು. ಹುಣಸೂರಿಗೆ ಎತ್ತಿಕೊಂಡು ಹೋದಾಗ ಡಾಕ್ಟರು, "ಚಳಿಜ್ವರವೇ ಇರಬಹುದು. ಆದರೆ ಇಷ್ಟು ಚಿಕ್ಕ ಮಗುವಿಗೆ ರಕ್ತ ನೋಡದೆ ಕ್ವಿನೈನು ಕೊಡುವುದಿಲ್ಲ. ಗಾಜೂ ಸೂಜಿಯೂ ಚಿಕ್ಕಸಿದ್ದಮ್ಮನ ಹತ್ತಿರ, ಆಕೆ ಹಳ್ಳಿ ಸುತ್ತಲು ಹೋಗಿದ್ದಾಳೆ. ನಿಮ್ಮ ಊರಿಗೇ ಬರುತ್ತಾಳೆ" ಅಂದರು. ಆಕೆ ಬರುವವರೆಗೂ ನಾನು ದಾರಿ ನೋಡಿದಷ್ಟು ತವರಿನ ಗಾಡಿಗೂ ನೋಡಿರಲಿಲ್ಲ.

ಅದೇ ಹೊತ್ತಿಗೆ ನಮ್ಮ ಮಾವನಿಗೂ ಚಳಿ ಬಂತು. ಹೀಗಾಗಿ ಆಕೆ ಬಂದ ದಿನ ನಮ್ಮ ಮನೆಯಲ್ಲಿ ಇಬ್ಬರ ರಕ್ತ ಕೊಡಬೇಕಾಗಿತ್ತು, ಅಜ್ಜನದು ಮತ್ತು ಮೊಮ್ಮಗನದು.

ಇಲ್ಲಿ ಒಂದು ವಿಷಯ ಬರೆಯಬೇಕು. ಮಗುವಿಗೆ ಮಾವನ ಹೆಸರನ್ನೇ ಇಟ್ಟಿದ್ದೇವೆ. ಮಾವನ ಹೆಸರನ್ನು ನಾನು ಬಾಯಿಬಿಟ್ಟು ಹೇಳುವ ಹಾಗಿಲ್ಲ, ಗಂಡನ ಹೆಸರಾದ್ದರಿಂದ ಅತ್ತೆಯೂ ಹೇಳುವ ಹಾಗಿಲ್ಲ. ನಾನು ಮಗುವನ್ನು ಕೂಸಪ್ಪ ಅಂತೀನಿ, ಅತ್ತೆ ಅಯ್ಯ ಅಂತಾರೆ. ಹೆಸರು ಬೇಕೇ ಬೇಕು ಅನ್ನುವ ಸಂದರ್ಭ ಬಂದರೆ ಪಕ್ಕದ ಮನೆ ಮಾಯಮ್ಮನನ್ನು ಕರೆಯುವುದು ವಾಡಿಕೆ. ಆಕೆ ಬಂದು ಗಂಟೆ ಹೊಡೆದ ಹಾಗೆ ಹೇಳಿ ಹೋಗುತ್ತಾಳೆ.

ಚಿಕ್ಕಸಿದ್ದಮ್ಮ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿ, ಅದರ ಕಾಲನ್ನು ನನ್ನ ಮೊಣಕಾಲ ನಡುವೆ ಸೇರಿಸು ಅಂದಳು. ಪುಟ್ಟ ಅಂಗೈಯನ್ನು ತನ್ನ ಕೈಯಲ್ಲಿಟ್ಟು ಬೆಚ್ಚಗೆ ಉಜ್ಜಿದಳು. ಅವನು ಆಕೆಯ ಮೂಗುಬೊಟ್ಟು ನೋಡುತ್ತಿರುವಾಗಲೇ ಕೆಲಸ ಮುಗಿಯಿತು. ಅಳು ಶುರುವಾಗಿದ್ದು ಆಮೇಲೆ, ಅದೂ ಮೂಗುಬೊಟ್ಟು ಕೈಗೆ ಸಿಗಲಿಲ್ಲ ಅಂತ. ಮಾವ ಕಂಬಳಿಯೊಳಗಿಂದ ಕೈ ಮಾತ್ರ ಚಾಚಿದರು. ಎರಡು ಗಾಜನ್ನೂ ಒಂದು ಮೊರದಲ್ಲಿಟ್ಟು ಆರಲು ಬಿಟ್ಟಳು. ಒಣಗಿದ ರಕ್ತದ ಮೇಲೆ ಸೀಸದಕಡ್ಡಿಯಲ್ಲಿ ಹೆಸರು ಬರೆಯುವುದು ಆಕೆಯ ಪದ್ಧತಿ.

"ಈಗ ಹೆಸರೇಳಿ" ಅಂದಳು.

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಗೋಡೆ ಆಚೆಗೆ "ಮಾಯೀ, ಏ ಮಾಯೀ" ಅಂತ ಕೂಗಿದರು. ಮಾಯಮ್ಮನ ಮನೆಗೆ ಬೀಗ. ನಾಟಿಗೆ ಹೋಗಿದ್ದಳು. ನಮ್ಮನೆಯವರೂ ಗದ್ದೆಯಲ್ಲೇ.

"ಯಜಮಾನ್ರೆ, ನಿಮ್ಮ ಹೆಸರ ನೀವಾದ್ರೂ ಹೇಳಿ" ಅಂದಳು ಚಿಕ್ಕಸಿದ್ದಮ್ಮ.

"ಮೈಮೇಲೆ ಚಳಿ ಕೂತಿರೋವಾಗ ನನ್ನ ಹೆಸರ ನಾನೇ ಹೇಳಾದಾ? ಅದು ಹೆಸರ ಕಲ್ತ್ಕಂಡು ವರ್ಷ ವರ್ಷ ಕೂಗ್ಕಂಡು ಬತ್ತದೆ" ಅಂತ ಮಾವ ಕಂಬಳಿ ಎಳೆದುಕೊಂಡರು.

"ಊರೋರ್ಗೆಲ್ಲ ಗೊತ್ತಲ್ಲ ಸಿದ್ದಮ್ಮ, ನೀನೇ ಬರ್ಕೊ" ಅಂದರು ಅತ್ತೆ.

"ಊರೋರ ಬಾಯಲ್ಲಿ ಕೇಳಿದ್ದ ಬರ್ಯಾಕಿಲ್ಲ ಕಣವ್ವ. ಇದೇ ತಾನೆ ನಿನ್ನ ಹೆಸರು ಅಂದ್ರೆ ಜ್ವರ ಬಂದೋರು ಎಲ್ಲದ್ಕೂ ಊಂ ಅಂತಾರೆ. ರಕ್ತ ಕೊಟ್ಟೋರೋ ಅವರ ಮನೆಯೋರೋ, ಇಲ್ಲ ಅವ್ರು ಕರ್ಸಿದೋರೋ ನನ್ನ ಮುಂದೆ ಬಾಯ್ಬುಟ್ಟು ಹೇಳ್ಬೇಕು." ಇಷ್ಟು ಹೇಳಿ, ಮಾಯಮ್ಮ ಬರುವಷ್ಟರಲ್ಲಿ ಬರ್ತೀನಿ ಅಂತ ಹಿಂದಿನ ಬೀದಿಯ ನಂಜಯ್ಯನ ಮನೆಗೆ ಹೋದಳು.

ಆಕೆ ತಿರುಗಿ ಬಂದಾಗ ಮಾಯಮ್ಮನ ಸುಳಿವಿಲ್ಲ. ಆಕೆಯನ್ನು ಹುಣಸೂರಿಗೆ ಕರೆದೊಯ್ಯುವ ಸಂತೆ ಗಾಡಿ ಬೀದಿಯ ಕೊನೆಯಲ್ಲಿ ನಿಂತಿತ್ತು. ಅತ್ತೆ ಹೆಮ್ಮೆಯಿಂದ ಮೊರ ತೋರಿಸಿದರು.

"ಬಿಸ್ಲು ಬತ್ತಿತ್ತು, ನೊಣ ಬೇರೆ. ನಾನೇ ಮೊರ ತಿರುಗ್ಸಿ ನೆರಳಿಗೆ ಮಡ್ಗಿದೀನಿ."

ಚಿಕ್ಕಸಿದ್ದಮ್ಮ ಡಬ್ಬ ತೆಗೆಯುತ್ತಿದ್ದವಳು ನಿಂತಳು. "ಯಾವ ಕಡೀಕೆ ತಿರುಗ್ಸಿದ್ರಿ?"

"ಒಂದ್ಸಲ ಇಂಗೆ." ಅತ್ತೆ ಕೈ ಆಡಿಸಿದರು. "ಆಮ್ಯಾಕೆ ಅಂಗೆ. ನಡುವೆ ಒಂದ್ಸಲ ನೊಣ ಓಡ್ಸಕ್ಕೆ ಕೈಗೂ ಎತ್ಕಂಡಿದ್ದೆ. ಎಡಗಡೆದು ಮಗೀದು ಬುಡು."

ಎರಡೂ ಗಾಜಿನ ಮೇಲೆ ಒಂದೇ ಬಣ್ಣದ ಬೊಟ್ಟು, ಒಂದೇ ಬಣ್ಣದ ದೋಸೆ. ಅಜ್ಜನದು ಯಾವುದು, ಮೊಮ್ಮಗನದು ಯಾವುದು ಅಂತ ನನಗೂ ತಿಳಿಯಲಿಲ್ಲ. ಎಡಗಡೆಯದೇ ಇರಬಹುದು ಅಂತ ಮನಸ್ಸು ಹೇಳಿತು. ಗಾಡಿ ಹೋದರೆ ಇನ್ನೊಂದು ವಾರ. ಮಗು ಇನ್ನೊಂದು ವಾರ ನಡುಗಬೇಕು.

ಚಿಕ್ಕಸಿದ್ದಮ್ಮ ಎರಡು ಗಾಜನ್ನೂ ತೆಗೆದುಕೊಂಡು ಬಚ್ಚಲಿಗೆ ಹೋಗಿ ತೊಳೆದುಬಿಟ್ಟಳು.

"ಅಯ್ಯೋ ಸಿದ್ದಮ್ಮಕ್ಕ" ಅಂದೆ.

"ಕೇಳವ್ವ ಇಲ್ಲಿ" ಅಂತ ಪಕ್ಕದಲ್ಲಿ ಕೂತಳು. "ಕೋಟೆ ಕಡೆ ಒಂದೂರು. ಒಂದೇ ಮನೆ ಓರಗಿತ್ತೀರು ಇಬ್ರು. ಹಿಂಗೇ ಅದಲುಬದಲಾಯ್ತು, ನಾನೂ ಇದೇ ಇರ್ಬೇಕು ಬುಡು ಅಂತ ಬರ್ದುಬುಟ್ಟೆ. ಚೆನ್ನಾಗಿದ್ದೋಳು ಆ ಕಹಿ ಔಷ್ದಿ ಪೂರಾ ಕುಡುದ್ಲು, ಕಿವಿ ಗುಂಯ್ ಅನ್ನೋಗಂಟ. ನಡುಗೋಳು ನಡುಗ್ತಾನೇ ಇದ್ಲು. ಎರಡನೇ ಸಲ ತೆಗೆದ್ಮೇಲೆ ಗೊತ್ತಾಯ್ತು. ಔಷ್ದಿ ಕುಡುದೋಳು ಈಗ್ಲೂ ನನ್ನ ಕಂಡ್ರೆ ದಡಾರ್ ಅಂತ ಬಾಗ್ಲಾಕ್ಕತಾಳೆ. ನಡುಗಿದೋಳು ಹಿತ್ಲು ಬಾಗ್ಲಿಂದ ಕರ್ದು ಮಜ್ಜಿಗೆ ಕೊಡ್ತಾಳೆ. ನಿಮ್ಮನೇಲಿ ಬಾಗ್ಲು ಒಂದೇ ಇರಾದು, ಅದಕ್ಕೇ ತೊಳ್ದೆ."

ನನಗೆ ನಗುವೂ ಬಂತು, ಕಣ್ಣೀರೂ ಬಂತು. ಮಾವ ಕಂಬಳಿಯಿಂದ ತಲೆ ಹೊರಗೆ ಹಾಕಿ, "ಇನ್ನೊಂದ್ಸಲ ಚುಚ್ಚಾದಾ?" ಅಂದರು.

"ಈ ಸಲ ಉಲ್ಟಾ" ಅಂದಳು ಚಿಕ್ಕಸಿದ್ದಮ್ಮ. "ಹೆಸರು ಮೊದ್ಲು, ರಕ್ತ ಆಮೇಲೆ. ಗಾಜಿನ ಅಂಚಿಗೆ ಕಾಗ್ದ ಅಂಟ್ಸಿ ಬರ್ಕಂಡೇ ಸೂಜಿ ಹಿಡಿಯಾದು. ಅಳಿಸೋಗದಂಗೆ ಒಣಗಿದ್ಮೇಲೂ ಬರೀತೀನಿ. ಮಾಯಮ್ಮನ್ನ ಕಾಯಾಕೆ ಗಾಡಿ ಬುಡಾಕಿಲ್ಲ. ಹೇಳವ್ವ ಮಗ, ನೀನೇ ಹೇಳು."

ಮಾವ ಎದುರಿಗೇ ಇದ್ದರು. ಅತ್ತೆ ಒಲೆಯ ಕಡೆ ತಿರುಗಿ ಇಲ್ಲದ ಬೆಂಕಿ ಊದುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಆ ಹೆಸರನ್ನು ನಾನು ಮನಸ್ಸಿನಲ್ಲೂ ಪೂರ್ತಿ ಅಂದುಕೊಂಡಿರಲಿಲ್ಲ. ತೊಡೆಯ ಮೇಲೆ ಮಗುವಿನ ಮೈ ಮತ್ತೆ ಬಿಸಿಯಾಗುತ್ತಿತ್ತು. ಅದರ ಕೈ ನನ್ನ ತಾಳಿ ಹಿಡಿದಿತ್ತು.

"ದೊಡ್ಡಮಾದ" ಅಂದೆ. "ನನ್ನ ಮಗ."

ಒಲೆಯ ಹತ್ತಿರ ಊದುವ ಸದ್ದು ನಿಂತಿತು. ಚಿಕ್ಕಸಿದ್ದಮ್ಮ ನಾಲಿಗೆ ಕಚ್ಚಿಕೊಂಡು ದಪ್ಪ ಅಕ್ಷರದಲ್ಲಿ ಬರೆದು, ಪಕ್ಕಕ್ಕೆ ಮಗು ಅಂತ ಸೇರಿಸಿದಳು. "ಇನ್ನೊಬ್ರದು?"

"ದೊಡ್ಡಮಾದಯ್ಯ. ನಮ್ಮ ಮಾವ."

ಮಾವ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಕಂಬಳಿಯೊಳಗಿಂದ ಕೈ ಚಾಚುತ್ತ, "ಓ, ಇಲ್ಲೇ ಇವ್ನಿ ಕಣವ್ವ, ಚುಚ್ಚು" ಅಂದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದು ಭುಜ ನೋಡಿಯೇ ತಿಳಿಯುತ್ತಿತ್ತು.

ಗಾಡಿಯವನನ್ನು ಮಾತಾಡಿಸುತ್ತ ನಿಲ್ಲಿಸಲು ಅತ್ತೆಯೇ ಓಡಿದರು. ಗಾಜು ಒಣಗುವವರೆಗೂ ಅವನಿಗೆ ಯಾವ ಯಾವ ನೆಂಟಸ್ತಿಕೆ ಹೇಳಿದರೋ ದೇವರೇ ಬಲ್ಲ.

ಗಾಡಿ ಹುಣಸೂರಿಗೆ ಹೋಗಿ ಸುದ್ದಿ ತಂದಿತು. ಮಗುವಿನ ರಕ್ತದಲ್ಲಿ ಚಳಿಜ್ವರದ ಹುಳ ಇದೆ, ಅಜ್ಜನದರಲ್ಲಿ ಇಲ್ಲ. ಮಗುವಿನ ತೂಕಕ್ಕೆ ತಕ್ಕಂತೆ ಕಟ್ಟಿದ ಪುಡಿಯ ಪೊಟ್ಟಣಗಳೂ ಬಂದವು. ಮಾವನಿಗೆ ಸ್ವಲ್ಪ ಬೇಜಾರೇ ಆಯಿತು. "ಅಂಗಾರೆ ನನ್ನ ಚಳಿ ಸುಳ್ಳಾ?" ಅಂದರು. ಮಳೆಯಲ್ಲಿ ತೂಬಿನ ಹತ್ತಿರ ನೆನೆದು ನಿಂತಿದ್ದ ಚಳಿ ಅದು, ಮೆಣಸಿನ ಸಾರಿಗೆ ಹೋಯಿತು.

ಔಷಧಿ ಕುಡಿಸುವುದು ರಕ್ತ ತೆಗೆದಷ್ಟು ಸುಲಭವಾಗಿರಲಿಲ್ಲ. ಜೇನುತುಪ್ಪದಲ್ಲಿ ಕಲಸಿದರೂ ಮಗು ಉಗುಳುತ್ತಿತ್ತು. ಕೊನೆಗೆ ಮಾವ, "ಹೆಸರು ಒಂದೇ ಅಂದ್ಮೇಲೆ ಕಹೀನೂ ಹಂಚ್ಕಬೇಕು" ಅಂತ ಔಷಧಿ ಕುಡಿಸುವ ಒಳಲೆಯ ಅಂಚಿನಲ್ಲಿದ್ದದ್ದನ್ನು ಬೆರಳಲ್ಲಿ ಒರೆಸಿ ನೆಕ್ಕಿ ಮುಖ ಹಿಂಡಿದರು. ಆ ಮುಖ ನೋಡಿ ನಗಲು ಮಗು ಬಾಯಿ ತೆರೆಯಿತು. ನಾನು ಸುರಿದೆ. ಅಂದಿನಿಂದ ಪೊಟ್ಟಣ ಮುಗಿಯುವವರೆಗೂ ಅಜ್ಜ ಎದುರಿಗೆ ಕೂತು ಮುಖ ಹಿಂಡಬೇಕಾಯಿತು. ಜ್ವರದ ಸರದಿಯ ಮಧ್ಯಾಹ್ನವೊಂದು ಬಂತು, ನಾನು ಕಂಬಳಿ ಹಾಸಿಟ್ಟುಕೊಂಡು ಕಾದೆ. ಮಗು ನನ್ನ ಕಂಬಳಿಯ ಮೇಲೆ ಕೋಳಿ ಅಟ್ಟಿಸಿಕೊಂಡು ಓಡಾಡಿತು. ಚಳಿ ಬರಲೇ ಇಲ್ಲ.

ಸುಗ್ಗಿ ಮುಗಿದ ಮೇಲೆ, ಹುಳ ಪೂರಾ ಹೋಗಿದೆಯಾ ನೋಡಲು ಚಿಕ್ಕಸಿದ್ದಮ್ಮ ಮತ್ತೆ ಬಂದಳು. ಈಗ ಯಾವ ಮನೆಯಲ್ಲೂ ಕಾಗದಕ್ಕೆ ಹೆಸರು ಬೀಳದೆ ಸೂಜಿ ಹೊರಗೆ ಬರುವುದಿಲ್ಲ. ಮಗುವಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, "ನಿನ್ನ ಹೆಸ್ರೇನ್ಲಾ ಮರಿ?" ಅಂದಳು.

"ದೊಡ್ಮಾದ" ಅಂತ ಅವನು ಬೀದಿಗೆಲ್ಲ ಕೇಳುವ ಹಾಗೆ ಹೇಳಿ, ಬೆರಳು ಚಾಚಿ, ಇನ್ನೊಂದು ಕೈಯಲ್ಲಿ ಆಕೆಯ ಮೂಗುಬೊಟ್ಟು ಹಿಡಿದುಕೊಂಡ. ಕಾಲಿಗೆ ತೊಡರಿಕೊಂಡಿದ್ದ ಎತ್ತಿನ ಕಣ್ಣಿ ಬಿಡಿಸುತ್ತಿದ್ದ ಮಾವ ಕೊಟ್ಟಿಗೆಯಿಂದ "ಓ" ಅಂದರು.

ಆಕೆ ಡಬ್ಬ ಮುಚ್ಚುವಾಗ ಅತ್ತೆ ಬಂದು ಪಕ್ಕದಲ್ಲಿ ಕೂತು ಎಡಗೈ ಮುಂದಿಟ್ಟರು.

"ನಿಮ್ಗೇನವ್ವ, ಜ್ವರ ಬಂದಿತ್ತಾ?"

"ಬೆಳಗಿನ್ಜಾವ ಒಂದೊಂದ್ಸಲ ಮೈ ಬೆಚ್ಚಗಾಯ್ತದೆ. ನೋಡ್ಬುಡು ಅತ್ಲಾಗೆ." ಆಮೇಲೆ ಮೆಲ್ಲಗೆ, "ನಮ್ಮ ಯಜಮಾನ್ರ ಹೆಸ್ರ ಮಾತ್ರ ಕೇಳ್ಬ್ಯಾಡ" ಅಂದರು.

"ಅವ್ರದ್ಯಾಕೆ? ರಕ್ತ ನಿಮ್ದು. ನಿಮ್ಮ ಹೆಸ್ರು ಹೇಳಿ."

ಊರಲ್ಲಿ ಎಲ್ಲರೂ ಅವರನ್ನು ದೊಡ್ಡಮನೆ ಅವ್ವ ಅಂತಲೇ ಕರೆಯುವುದು. ಮಾವ ಕರೆಯುವುದು "ಇವಳೇ" ಅಂತ. ಅತ್ತೆ ಸೆರಗು ಸರಿಮಾಡಿಕೊಂಡು, ಬೆನ್ನು ನೇರ ಮಾಡಿಕೊಂಡು ಕೂತರು.

"ಕೆಂಪಾಜಮ್ಮ" ಅಂದರು.

ಚಿಕ್ಕಸಿದ್ದಮ್ಮ ಬರೆದಳು. ಓದಲು ಬಾರದ ಅತ್ತೆ ಆ ಕಾಗದವನ್ನು ಬೆಳಕಿಗೆ ಹಿಡಿಸಿ ಎರಡು ಸಲ ನೋಡಿ, ಬೆರಳನ್ನು ತಾವೇ ಆಕೆಯ ಕೈಗೆ ಕೊಟ್ಟರು.