ಪುಟ್ಟಮ್ಮನ ಹಸು, ನನ್ನ ಇಂಗ್ಲಿಷು

ಮೊನ್ನೆ ಬೆಳಿಗ್ಗೆ ಮೇಲಿನ ಮನೆಯ ಮಹಾದೇವಿ ಒಂದು ರೂಲ್ ಹಾಳೆ ಹಿಡಿದು ಬಂದಳು. ವಿಜಯಪುರದ ಕಡೆಯವಳು, ಅತ್ತಿಗುಪ್ಪೆಯ ನಮ್ಮ ಬೀದಿಯ ಅರ್ಧ ಬ್ಲೌಸುಗಳು ಅವಳು ಹೊಲಿದವೇ. ವರಾಂಡದಲ್ಲಿಟ್ಟಿದ್ದ ಅವಳ ಹೊಲಿಗೆ ಮಷೀನು ಕಳುವಾಗಿತ್ತು.

"ಆಂಟಿ, ನೀವು ಕಾನ್ವೆಂಟ್‌ನಾಗ ಓದೀರಿ. ಪೊಲೀಸ್ರಿಗೆ ಒಂದು ಛಲೋ ಕಂಪ್ಲೇಂಟ್ ಬರದ್ ಕೊಡ್ರಿ" ಅಂದಳು.

ನನ್ನ ಕೈ ತಡೆಯಿತು. ಯಾಕೆ ಅಂತೀರಾ? ನಾನೊಮ್ಮೆ ಬಹಳ ಛಲೋ ಬರೆದಿದ್ದೆ.

ನಮ್ಮಪ್ಪ ಪೊಲೀಸಿನವರು. ಕಾನ್‌ಸ್ಟೇಬಲ್ ಆಗಿ ಸೇರಿ, ಸಬ್‌ಇನ್ಸ್‌ಪೆಕ್ಟರ್ ಆಗಿ, ಕೆಂಗೇರಿಯಾಚೆಯ ಹಳ್ಳಿಗಳಲ್ಲೇ ಸರ್ವೀಸ್ ಮುಗಿಸಿದರು. ಅವರ ಸೈಕಲ್ ಕಂಡರೆ ಜಗಲಿಯ ಮುದುಕರು ಏಳಲು ಹೋಗುತ್ತಿದ್ದರು. ಅವರು ಏಳುವ ಮುಂಚೆ ಇವರೇ ಇಳಿದುಬಿಡುತ್ತಿದ್ದರು. ದೂರು ತಂದವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು, ಅದು ಅಪ್ಪನ ಕಾನೂನು. ನನಗೋ ಆಗ ಇದೆಲ್ಲ ತೀರಾ ಕಂಟ್ರಿ ಅನಿಸುತ್ತಿತ್ತು. ಹಾಸ್ಟೆಲ್‌ನಿಂದ ರಜಕ್ಕೆ ಬಂದಾಗ ಮುದ್ದೆಗೂ ಸ್ಪೂನ್ ಕೇಳುತ್ತಿದ್ದ ಹುಡುಗಿ ನಾನು.

ಅಂಥ ಒಂದು ರಜದಲ್ಲಿ ಪುಟ್ಟಮ್ಮನ ಹಸು ಕಳುವಾಯಿತು. ಗಂಡನಿಲ್ಲದ ಹೆಂಗಸು, ಹಾಲು ಮಾರಿಯೇ ಮನೆ ನಡೆಯಬೇಕು. ಕಳ್ಳರಿಂದ ಬಿಡಿಸಿಕೊಂಡ ಕೆಲವು ದನಗಳಿವೆ, ಗುರುತು ಬರೆದು ಕಳಿಸಿ ಎಂದು ತಮಿಳುನಾಡಿನ ಗಡಿಯಾಚೆಯ ಠಾಣೆಯಿಂದ ಸುದ್ದಿ ಬಂತು. ಅಲ್ಲಿಗೆ ಇಂಗ್ಲಿಷಿನಲ್ಲೇ ಬರೆಯಬೇಕು. ಅಪ್ಪ ಹೆಮ್ಮೆಯಿಂದ ಪೆನ್ನನ್ನು ನನ್ನ ಕೈಗೆ ಕೊಟ್ಟರು.

"ಬಿಳೇ ಹಸ ಕಣವ್ವ" ಎಂದಳು ಪುಟ್ಟಮ್ಮ. "ಸಿಕ್ದೋರ್ಗೆಲ್ಲ ಒದೀತಾಳೆ. ನಾನ್ ಕೆಮ್ಮುದ್ರೆ ಮಾತ್ರ ತಿರುಗಿ ನೋಡ್ತಾಳೆ. ಬರ್ಕೊಂಡ್ಯಾ?"

ಸರ್ಕಾರಿ ಪತ್ರದಲ್ಲಿ ಕೆಮ್ಮೇ? 'ಒನ್ ವೈಟ್ ಕೌ, ಆಫ್ ಜೆಂಟಲ್ ಡಿಸ್ಪೊಸಿಷನ್' ಎಂದು ದುಂಡಗೆ ಬರೆದೆ. ಒದೆಯುವ ಹಸು ನನ್ನ ಇಂಗ್ಲಿಷಿನಲ್ಲಿ ಸಾಧು ಸ್ವಭಾವದ್ದಾಯಿತು. ನಮ್ಮ ಕಾನ್ವೆಂಟಿನ ಸಿಸ್ಟರ್ ನೋಡಿದ್ದರೆ 'ವೆರಿ ಗುಡ್' ಹಾಕುತ್ತಿದ್ದರು.

"ಆಯಮ್ಮ ಹೇಳಿದ್ದೆಲ್ಲ ಬಂತೇನಮ್ಮ?" ಅಪ್ಪ ಕೇಳಿದರು.

"ಎವ್ರಿಥಿಂಗ್, ಡ್ಯಾಡಿ."

ಅಪ್ಪ ಸಹಿ ಹಾಕಿದರು.

ವಾರ ಕಳೆದು ಉತ್ತರ ಬಂತು. ನಿಮ್ಮ ಪತ್ರದಲ್ಲಿ ಖಚಿತ ಗುರುತಿಲ್ಲ. ಇದ್ದ ಒಂದೇ ಬಿಳಿ ಹಸುವನ್ನು, ಬಂದು ನೋಡಿ ತನ್ನದೆಂದ ಇಲ್ಲಿನ ರೈತನಿಗೆ ಕೊಟ್ಟಾಗಿದೆ. ಕನ್ನಡದಲ್ಲಿ ಅದನ್ನು ಓದಿ ಹೇಳಿದವಳೂ ನಾನೇ. "ಕೆಮ್ಮಿನ ವಿಷಯ?" ಎಂದರು ಅಪ್ಪ. ಬರೆದಿರಲಿಲ್ಲ ಎಂದೆ. ಅವರು ರಜ ಹಾಕಿ, ಪುಟ್ಟಮ್ಮನನ್ನು ಕರೆದುಕೊಂಡು ಬಸ್ಸು ಹತ್ತಿದರು.

ಹಸು ಸಿಕ್ಕಿತು. ಆ ರೈತನ ಅಂಗಳದಲ್ಲಿ ಪುಟ್ಟಮ್ಮ ಒಮ್ಮೆ ಕೆಮ್ಮಿದ್ದಕ್ಕೆ ಹಗ್ಗ ಜಗ್ಗಿಕೊಂಡು ತಿರುಗಿತಂತೆ.

"ಸೋ, ಆಲ್ ಈಸ್ ವೆಲ್" ಎಂದೆ, ಹಗುರಾಗಿ.

ಅಪ್ಪ ಬೂಟು ಬಿಚ್ಚುತ್ತಿದ್ದರು. ದನಿ ಏರಿಸಲಿಲ್ಲ. "ಆ ರೈತ ಕಳ್ಳ ಅಲ್ಲ ಕಣಮ್ಮ. ಅವನದೂ ಬಿಳಿ ಹಸುನೇ ಕಳೆದಿತ್ತು. ಇದು ಒದ್ರೂ, ಪಾಪ ಹೆದರಿದೆ ಅಂದ್ಕೊಂಡನಂತೆ. ಎಂಟು ದಿನದಿಂದ ಅವನ ಮಕ್ಕಳು ಇದರ ಹಾಲು ಕುಡೀತಿದ್ವು. ಅವನೇ ಹಗ್ಗ ಬಿಚ್ಚಿ ಕೊಟ್ಟ."

ಗುರುತು ಸರಿಯಾಗಿ ಬರೆಯಲಿಲ್ಲವೇಕೆ ಎಂದು ಮೇಲಧಿಕಾರಿಗಳಿಂದ ಬಂದ ಮೆಮೋಗೆ, ತಪ್ಪು ತಮ್ಮದೇ ಎಂದು ಅಪ್ಪ ಉತ್ತರ ಕೊಟ್ಟರು. ಆ ಉತ್ತರವನ್ನು ನನ್ನಿಂದ ಬರೆಸಲಿಲ್ಲ. ಆಮೇಲೆ ಎಂದೂ ಏನನ್ನೂ ಬರೆಸಲಿಲ್ಲ. ಅವರು ಇನ್ಸ್‌ಪೆಕ್ಟರ್ ಆಗಲೂ ಇಲ್ಲ. ಆ ಮೆಮೋ ಕಾರಣವೋ ಅಲ್ಲವೋ, ಕೇಳುವ ಧೈರ್ಯ ನನಗೆ ಬರುವ ಹೊತ್ತಿಗೆ ಅವರಿರಲಿಲ್ಲ.

"ಹಳೇ ಮಷೀನು ಅಂತ ಬರೀರಿ, ಸಾಕು" ಎಂದಳು ಮಹಾದೇವಿ.

"ಹತ್ತು ಹಳೇ ಮಷೀನ್ ಮಧ್ಯೆ ಇಟ್ರೆ ನಿನ್ನದು ಯಾವುದು ಅಂತ ಹೇಗೆ ಹೇಳ್ತೀಯ?"

ಅವಳು ನಾಚಿಕೊಂಡಳು. "ಚಕ್ರ ತಿರುವಿದ್ರ ಮೂರನೇ ಸುತ್ತಿಗೆ ಟಕ್ ಅಂತೈತ್ರಿ. ಅದನ್ಯಾಕ ಬರೀತೀರಿ, ನಗ್ತಾರ."

"ನಗಲಿ ಬಿಡು" ಎಂದು ಬರೆಯತೊಡಗಿದೆ. ಅವಳು ಕಣ್ಣು ಮುಚ್ಚಿ, ಇಲ್ಲದ ಚಕ್ರವನ್ನು ಗಾಳಿಯಲ್ಲೇ ಮೆಲ್ಲಗೆ ತಿರುಗಿಸಿದಳು.

"ತಡೀರಿ ಆಂಟಿ. ಮೂರಲ್ಲ, ನಾಲ್ಕು."

ಮೂರನ್ನು ಹೊಡೆದುಹಾಕಿ ನಾಲ್ಕು ಎಂದು ಬರೆದೆ. ಹಾಳೆ ಗಲೀಜಾಯಿತು. ಬೇರೆ ಹಾಳೆ ತರುತ್ತೇನೆಂದು ಅವಳು ಎದ್ದಳು. ಬೇಡವೆಂದು, ಅದನ್ನೇ ಮಡಿಸಿ ಅವಳ ಕೈಗೆ ಕೊಟ್ಟೆ.