ವಾಪಸ್ ಬಾರದ ಆಡು

ಇಲ್ಲ, ಆಡು ಮರದ್ದಾಗಿರಲಿಲ್ಲ, ಪ್ಲಾಸ್ಟಿಕ್ಕಿನದು ಅಂತ ಕಾಣುತ್ತದೆ. ಅಥವಾ ಅದು ಕರುವೇ ಆಗಿದ್ದು, ಆಡೆಂದು ನಾವೇ ಒಪ್ಪಿಕೊಂಡೆವೋ. ಮಣಿಪಾಲದ ಆಸ್ಪತ್ರೆಯ ಆ ಮೇಜನ್ನು ನೆನೆದಷ್ಟೂ ಅದರ ಮೇಲಿನ ವಸ್ತುಗಳು ಬದಲಾಗುತ್ತವೆ. ನನ್ನ ಹೆಂಡತಿಯ ಬಲಗೈ ಮಾತ್ರ ಬದಲಾಗುವುದಿಲ್ಲ. ಪಾರ್ಶ್ವವಾಯು ಬಡಿದ ಮೇಲೆ ಅದು ಬೇರೆ ಯಾರದೋ ಕೈಯಂತೆ ಅಂಚಿನಲ್ಲಿ ಬಿದ್ದಿರುತ್ತಿತ್ತು.

ಥೆರಪಿ ಮಾಡಿಸುವ ಹುಡುಗಿ ಕೊಟ್ಟದ್ದು ಹಳೆಯ ಒಗಟು. ಮೇಜಿನ ಮೇಲೆ ಗೊಂಬೆಗಳು: ಹುಲಿ, ಆಡು, ಹುಲ್ಲಿನ ಕಟ್ಟು. ಮೂರನ್ನೂ ಹೊಳೆ ದಾಟಿಸಬೇಕು. ದೋಣಿಯಲ್ಲಿ ಅಂಬಿಗನ ಜೊತೆ ಒಂದಕ್ಕೆ ಮಾತ್ರ ಜಾಗ. ಅವನಿಲ್ಲದಾಗ ಹುಲಿ ಆಡನ್ನು ತಿನ್ನುತ್ತದೆ, ಆಡು ಹುಲ್ಲನ್ನು. ಹೀಗೆ ಹಂತ ಹಂತವಾಗಿ ಯೋಚಿಸಲು ಬಂದರೆ ಮಾತ್ರ ಹೆಂಡತಿಯನ್ನು ಹಗಲು ಒಬ್ಬಳನ್ನೇ ಬಿಡಬಹುದು ಎಂದು ಡಾಕ್ಟರು ಹೇಳಿದ್ದರು. ಕಾರ್ಕಳದ ಮನೆಯಲ್ಲಿ ನಾವಿಬ್ಬರೇ. ನಾನು ಕೆಲಸಕ್ಕೆ ಹೋಗಲೇಬೇಕು. ಬಿಡಿಸದಿದ್ದರೆ ಆರೈಕೆ ಕೇಂದ್ರ. ಅದೊಂದು ಬೇಡ ಎಂದು ಅವಳು ಸರಿಯಾಗಿ ಹೊರಳದ ನಾಲಿಗೆಯಲ್ಲೇ ಹೇಳಿದ್ದಳು.

ಮೊದಲು ಆಡನ್ನು ದಾಟಿಸಿದಳು. ಆಮೇಲೆ ಹುಲಿಯನ್ನು. ಅಲ್ಲಿಗೆ ನಿಂತಳು. ಈಗ ಆಡನ್ನು ಈಚೆಗೆ ತರಬೇಕು, ಗುಟ್ಟು ಅಷ್ಟೇ.

“ಆಡನ್ನು ಹತ್ತಿಸು,” ಎಂದೆ.

“ಇಳಿಸಿ ಆಯ್ತಲ್ಲ.”

“ಆದರೂ ಹತ್ತಿಸು.”

“ದೋಣಿ ವಿಷಯ ನಿಮಗೆ ಎಂತ ಗೊತ್ತುಂಟು? ನೀವು ಗುಡ್ಡೆಯವರು.”

ಅವಳ ತಂದೆ ಕಾಪು ಕಡೆಯ ಒಂದು ಕಡವಿನಲ್ಲಿ ದೋಣಿ ದಾಟಿಸುತ್ತಿದ್ದವರು. ಜನ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಲಿ, ಒಮ್ಮೆ ದಾಟಿದ ಪ್ರಾಣಿಯನ್ನು ಅದೇ ದಿನ ತಿರುಗಿ ತರುತ್ತಿರಲಿಲ್ಲವಂತೆ. ಹೆದರಿದ ಪ್ರಾಣಿ ಎರಡನೇ ಸಲ ದೋಣಿ ಮಗುಚುತ್ತದೆ. ಇದನ್ನು ಅವಳು ಮದುವೆಯ ಹೊಸದರಲ್ಲಿ ಹೇಳಿದ್ದಳೋ, ಆಮೇಲೆ ನಾನೇ ಕಟ್ಟಿಕೊಂಡೆನೋ. ನಾವು ಮಾತಾಡುತ್ತಿದ್ದುದು ತುಳುವಿನಲ್ಲಿ. ಕನ್ನಡಕ್ಕೆ ಬರುವಾಗಲೇ ಒಂದಷ್ಟು ಜಾರಿಹೋಗಿದೆ.

“ಇದು ಆಟ ಮಾರಾಯ್ತಿ, ಆಟ. ಒಂದು ಸಲ ಹತ್ತಿಸು.”

“ಆಟ ಆದರೆ ನೀವು ಯಾಕೆ ಹೀಗೆ ಬೆವರುವುದು?”

ಹುಡುಗಿ ನಕ್ಕಳು. ನಾನು ಹೆಂಡತಿಯ ಎಡಗೈ ಹಿಡಿದು ಆಡಿನ ಕಡೆಗೆ ಎಳೆದೆ. “ಸರ್, ಕೈ ತೆಗೀರಿ,” ಎಂದಳು ಹುಡುಗಿ, ಈಗ ನಗದೆ. ಹೆಂಡತಿ ಆಡನ್ನು ಎತ್ತಿ ಮುಷ್ಟಿಯೊಳಗೆ ಮುಚ್ಚಿಕೊಂಡಳು. ದೋಣಿ ಖಾಲಿ ಇತ್ತು. ನಾವು ಕಾದೆವು. ಮುಷ್ಟಿ ಬಿಚ್ಚಲಿಲ್ಲ.

ಮುಂದಿನ ವಾರ ಅವಳನ್ನು ಉಡುಪಿಯ ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದೆ. ಗೇಟಿನ ತನಕವೂ ಅವಳು ನನ್ನ ಅಂಗಿ ಬಿಡಲಿಲ್ಲ. ಅವಳಿಗೆ ಉತ್ತರ ತಿಳಿಯಲಿಲ್ಲವೋ, ತಿಳಿದೂ ಆಡನ್ನು ಹತ್ತಿಸಲಿಲ್ಲವೋ, ನನಗೆ ಗೊತ್ತಿಲ್ಲ. ಕೇಳಿ ನೋಡಿದ್ದೇನೆ. ಅವಳಿಗೂ ಈಗ ನೆನಪಿಲ್ಲ.