ಸುಳ್ಯದಲ್ಲಿ ಹೊಲಿದ ತಾಂಜಾನಿಯದ ಬಾವುಟ

ಪುತ್ತೂರಿನಿಂದ ಸುಳ್ಯದ ಬಸ್ಸು ಹೊರಟಾಗ ಬೆಳಿಗ್ಗೆ ಎಂಟೂಕಾಲು. ಮಳೆ ನಿಂತಿತ್ತು. ಟಿಕೆಟಿಗೆ ಐವತ್ತು ಚಿಲ್ಲರೆ ರೂಪಾಯಿ ಕೊಟ್ಟು ಕಿಟಕಿಯ ಬಳಿ ಕೂತೆ.

ಮರುದಿನ ಬೆಟ್ಟಂಪಾಡಿಯಲ್ಲಿ ಸಾಂಬಾರ ಬೆಳೆಗಾರರ ಸಭೆ. ಅತಿಥಿ ಜುಹೂರಾ, ತಾಂಜಾನಿಯದ ಜಾಂಜಿಬಾರ್ ದ್ವೀಪದಲ್ಲಿ ಲವಂಗ ಬೆಳೆಯುವವರು. ಇತಿಹಾಸ ಓದಿದವನೆಂದು ಅವರ ದೇಶದ ಬಾವುಟ ಹೊಲಿಸುವ ಕೆಲಸ ನನಗೆ ಬಿದ್ದಿತ್ತು. ಸುಳ್ಯದ ಸಂಜೀವಣ್ಣ ಯಕ್ಷಗಾನದ ಉಡುಪು ಹೊಲಿಯುವವರು. ಆ ಬಾವುಟದ ನಡುವಿನ ಓರೆ ಪಟ್ಟಿ ಸುಕ್ಕಿಲ್ಲದೆ ಕೂಡಿಸಲು ಅವರೇ ಸೈ. ಬಣ್ಣಗಳನ್ನು ಫೋನಿನಲ್ಲಿ ನೆನಪಿನಿಂದಲೇ ಹೇಳಿದ್ದೆ.

ಈಗ ಆ ನೆನಪಿನ ಮೇಲೇ ಸಂಶಯ. ಆ ದೇಶದ ಒಳನಾಡು ಮೊದಲು ತಾಂಗನಿಕಾ ಎಂಬ ಬೇರೆ ದೇಶ; ಅದರ ಹಳೆಯ ಬಾವುಟದಲ್ಲಿ ಹಸಿರು, ಹಳದಿ, ಕಪ್ಪು ಮಾತ್ರ. 1964ರಲ್ಲಿ ಜಾಂಜಿಬಾರ್ ಜೊತೆಗೂಡಿದ ಮೇಲೆ ದ್ವೀಪದ ಬಾವುಟದಿಂದ ನೀಲಿ ಬಂತು. ನಾನು ಹೇಳಿದ್ದು ಹೊಸದನ್ನೋ, ಹಳೆಯದನ್ನೋ? ನೀಲಿಯಿಲ್ಲದ ಬಾವುಟದ ಕೆಳಗೆ ದ್ವೀಪದವರನ್ನು ಕೂರಿಸಿದರೆ, ನಿಮ್ಮ ಊರು ನಮಗೆ ಲೆಕ್ಕಕ್ಕಿಲ್ಲ ಎಂದಂತೆ. ಸಂಜೀವಣ್ಣನ ಕೀಪ್ಯಾಡ್ ಫೋನು ಬರೀ ರಿಂಗಾಗುತ್ತಿತ್ತು.

ಕುಂಬ್ರ, ಕಾವು, ಜಾಲ್ಸೂರು ದಾಟಿ ಸುಳ್ಯದಲ್ಲಿ ಇಳಿದವನು ಹೋಟೆಲಿನ ಬನ್ಸ್ ವಾಸನೆಗೂ ನಿಲ್ಲದೆ ಅಂಗಡಿಗೆ ನಡೆದೆ.

ಮೇಜಿನ ಮೇಲೆ ಮೊದಲು ಕಂಡದ್ದೇ ನೀಲಿ. ಉಸಿರು ಬಿಟ್ಟೆ. ಆಮೇಲೆ ನೋಡಿದರೆ ನಡುವಿನ ಓರೆ ಪಟ್ಟಿ ಕೆಂಪು!

“ನಾನು ಕೆಂಪು ಅಂತ ಹೇಳಿದ್ದಾ?”

“ಇಲ್ಲ ಮಾರಾಯ್ರೆ, ನೀವು ಕಪ್ಪೇ ಹೇಳಿದ್ದು,” ಎಂದರು ಸಂಜೀವಣ್ಣ. “ಮನೆಗೆ ಬರುವವರ ಎದುರು ಕಪ್ಪು ಕಟ್ಟುದು ಉಂಟಾ? ವಾಪಸ್ ಹೋಗಿ ಅಂತ ಬೊಬ್ಬೆ ಹಾಕುವವರು ಹಿಡಿಯುದಲ್ವಾ ಅದು?”

ತಪ್ಪಿದ್ದು ನನ್ನ ನೆನಪಲ್ಲ ಎಂದು ಮನಸ್ಸು ಹಗುರಾಯಿತು.

“ಅಲ್ಲಿ ಕಪ್ಪು ಅಂದ್ರೆ ಜನ, ಸಂಜೀವಣ್ಣ. ಹಸಿರು ನೆಲ, ಹಳದಿ ಖನಿಜ, ನೀಲಿ ನೀರು.”

“ಅಯ್ಯೊ ದೇವರೇ, ಜನರನ್ನೇ ತೆಗೆದುಬಿಟ್ಟೆನಾ! ಬಣ್ಣ ಹೇಳ್ತೀರಿ, ಅರ್ಥ ಹೇಳುದಿಲ್ಲ. ಅಷ್ಟೆಲ್ಲ ಓದಿದ್ದು ಎಂತಕ್ಕೆ?”

ಬ್ಲೇಡಿನಿಂದ ಹೊಲಿಗೆ ಬಿಚ್ಚಿದರು. ಕಪ್ಪು ಸ್ಯಾಟಿನ್ ಇರಲಿಲ್ಲ. ಕೊಡೆ ರಿಪೇರಿಗೆ ತಂದಿಟ್ಟ ಬಟ್ಟೆಯನ್ನೇ ಕತ್ತರಿಸಿದರು. ಮಧ್ಯಾಹ್ನದೊಳಗೆ ಬಾವುಟ ತಯಾರು. ನನ್ನ ಫೋನಿನ ಚಿತ್ರದೊಂದಿಗೆ ಮೂರು ಸಲ ಹೋಲಿಸಿದೆ.

“ಇನ್ನೂ ಡೌಟಾ? ಬಸ್ಸು ತಪ್ತದೆ, ಹೋಗಿ ಮಾರಾಯ್ರೆ!”

ಮರುದಿನ ಜುಹೂರಾ ಕುರ್ಚಿಗೆ ಹೋಗುವ ಮೊದಲೇ ಬಾವುಟದ ಬಳಿ ನಿಂತರು. ನೀಲಿ ಮೂಲೆಯನ್ನು ಬೆರಳಲ್ಲಿ ಹಿಡಿದು “ಬಹಾರಿ” ಎಂದರು. ಅವರ ಭಾಷೆಯಲ್ಲಿ ಕಡಲು.

ಸಂಜೆ ಹೊರಡುವಾಗ ತಿರುಗಿ ನೋಡಿದೆ. ಇಬ್ಬರು ಬೆಳೆಗಾರರು ಬಾವುಟವನ್ನು ಅಗಲಕ್ಕೆ ಹಿಡಿದಿದ್ದರು. ಜುಹೂರಾ ನೀಲಿಯ ಕಡೆಗೇ ಸರಿದು ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು.